ಓಕಾರ ಹಚ್ಚಿದ ವಿಮೆ

ಕೊಲ್ಕತ್ತಕ್ಕೆ ಬಂದ ಆರು ತಿಂಗಳಿಗೇ ನನಗೆ ಬಂಗಾಳಿ ಬಂತು. ಇದು ಜಂಬದ ಮಾತಲ್ಲ, ಜಂಬ ಮುಂದೆ ಬರುತ್ತದೆ. ಬಂಗಾಳಿ ಕಲಿಯಲು ಜನ ಪುಸ್ತಕ ಕೊಳ್ಳುತ್ತಾರೆ, ಮೇಷ್ಟ್ರನ್ನು ಹುಡುಕುತ್ತಾರೆ. ನಾನು ಇಡೀ ಭಾಷೆಯನ್ನು ಒಂದೇ ಸೂತ್ರಕ್ಕೆ ಇಳಿಸಿದ್ದೆ: ಗೊತ್ತಿರುವ ಹಿಂದಿ ಪದ ತೆಗೆದುಕೊಳ್ಳಿ, ಅದಕ್ಕೊಂದು ಓಕಾರ ಹಚ್ಚಿ. ಜಲ ಎಂಬುದು ಜೋಲ್ ಆಗುತ್ತದೆ. ಗರಂ ಎಂಬುದು ಗೊರೊಂ ಆಗುತ್ತದೆ. ರಸಗುಲ್ಲ ಏನಾಗುತ್ತದೆ ಎಂಬುದು ಲೋಕಕ್ಕೇ ಗೊತ್ತು. ಈ ಸೂತ್ರದ ಬಲದಿಂದ ನಾನು ರೈಲ್ವೆ ಕಚೇರಿಯಲ್ಲಿ ಐದು ವರ್ಷ ನಿರಾತಂಕವಾಗಿ ಬಂಗಾಳಿ ಮಾತಾಡಿದೆ. ಸಹೋದ್ಯೋಗಿಗಳು ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಅದು ಅವರ ಸೌಜನ್ಯ ಎಂದುಕೊಂಡಿದ್ದೆ.

ನನ್ನ ಹೆಂಡತಿ ಗಿರಿಜಾ ಹುಬ್ಬಳ್ಳಿಯವಳು. ಸಾಲ್ಟ್ ಲೇಕಿನಲ್ಲಿ ಆಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದ್ದೊಂದರ ಒಳಗೆ ಅವಳು ಅಮೆರಿಕದ ಯಾವುದೋ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವ ತಂಡದ ಯಜಮಾನಿ. ಕೆಲಸ ಹೇಳಿದ ದಿನಕ್ಕಿಂತ ಮೊದಲೇ ಮುಗಿಯಿತೆಂದು ಕಂಪನಿಯವರು ಖುಷಿಯಾಗಿ ಸಿಂಗಪುರದಿಂದ ಹೊರಡುವ ಹಡಗಿನ ವಿಹಾರವನ್ನು ಬಹುಮಾನವಾಗಿ ಕೊಟ್ಟರು. ಅವಳಿಗೆ, ಅವಳ ಗಂಡನಿಗೆ. ಹೀಗೆ ನನಗೂ ಒಂದು ಹುದ್ದೆ ಇದೆ ಎಂದು ಆ ಕಂಪನಿಯ ಕಾಗದದಿಂದ ತಿಳಿಯಿತು.

ಆಗ ನಮ್ಮತ್ತೆ ನಮ್ಮ ಮನೆಯಲ್ಲೇ ಇದ್ದರು. ಅವರ ವಿಷಯ ಸ್ವಲ್ಪ ಹೇಳಬೇಕು. ಅತ್ತೆಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದು; ಬರಬೇಕೆಂದು ಅವರಿಗೆ ಅನ್ನಿಸಿಯೂ ಇಲ್ಲ. ಲೇಕ್ ಮಾರ್ಕೆಟ್ಟಿಗೆ ಒಬ್ಬರೇ ಚೀಲ ಹಿಡಿದು ಹೋಗಿ, ಹುಬ್ಬಳ್ಳಿ ಸಂತೆಯಲ್ಲಿ ಆಡುವ ಕನ್ನಡವನ್ನೇ ಆಡಿ, ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ.

"ಬದನೀಕಾಯಿ ಹೆಂಗಪಾ?" ಎಂದು ಕೇಳಿದರು.

"ಕುಡಿ ಟಾಕಾ," ಎಂದ ಮಾರುವವನು. ಕುಡಿ ಎಂದರೆ ಬಂಗಾಳಿಯಲ್ಲಿ ಇಪ್ಪತ್ತು, ಟಾಕಾ ಎಂದರೆ ರೂಪಾಯಿ.

"ಕುಡಿಯಾಕ ಏನೂ ಬ್ಯಾಡಪಾ, ಈಗ ಚಾ ಕುಡದ ಬಂದೀನಿ. ಬದನೀಕಾಯಿ ಹೇಳು," ಎಂದರು ಅತ್ತೆ.

ನಾನು ನಡುವೆ ಬಾಯಿ ಹಾಕಿ ಓಕಾರ ಹಚ್ಚುವಷ್ಟರಲ್ಲಿ ಅತ್ತೆ ಕಾಯಿ ಆರಿಸಿ, ರೇಟು ಇಳಿಸಿ, ಮೇಲೊಂದು ಹಿಡಿ ಕೊತ್ತಂಬರಿ ಹಾಕಿಸಿಕೊಂಡಿದ್ದರು. ಮಾರುವವನು ಅವರನ್ನು ಮಾಶೀಮಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಮರುದಿನವೂ ಬರಲು ಹೇಳಿದ. ತುಂಬಿದ ಚೀಲವನ್ನು ನನ್ನ ಕೈಗೆ ಕೊಟ್ಟ.

ಈ ಅತ್ತೆಗೆ ಒಂದೇ ಒಂದು ಆಸೆ ಉಳಿದಿತ್ತು. ಮದುವೆಯಾದ ಹೊಸತರಲ್ಲಿ ಮಾವನವರು ಅವರನ್ನು ಪಣಜಿಯಿಂದ ಮುಂಬಯಿಗೆ ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದರಂತೆ. ಪ್ರತಿ ವರ್ಷವೂ ಅದು ಮುಂದಿನ ವರ್ಷಕ್ಕೆ ಹೋಯಿತು. ಕೊನೆಗೆ ಆ ಹಡಗೇ ನಿಂತಿತು. ಆಮೇಲೆ ಮಾವನವರೂ ಹೋದರು. ಅತ್ತೆ ಇದನ್ನು ಅಳುತ್ತ ಹೇಳುವವರಲ್ಲ. ಗಿರಿಜಾಳ ಬಹುಮಾನದ ಸುದ್ದಿ ಕೇಳಿದ ದಿನ ಮಾತ್ರ, ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, "ಹಡಗದಾಗ ನಿಂತ್ರ ದಂಡಿ ಕಾಣಂಗಿಲ್ಲಂತಲ್ಲ, ಖರೇ ಏನ?" ಎಂದು ಕೇಳಿದರು. ಅವರಿಗೂ ಒಂದು ಟಿಕೆಟ್ ತೆಗೆಯುವುದೆಂದು ನಾವು ಅಲ್ಲೇ, ಒಲೆಯ ಮುಂದೆಯೇ ತೀರ್ಮಾನಿಸಿದೆವು.

ಪ್ರವಾಸದ ಏಜೆಂಟ್ ಒಂದು ಕೊಕ್ಕೆ ಹಾಕಿದ. ಹಡಗು ಹತ್ತುವವರಿಗೆಲ್ಲ ಪ್ರಯಾಣದ ವಿಮೆ ಇರಲೇಬೇಕು, ಅದರಲ್ಲೂ ಅತ್ತೆಯ ವಯಸ್ಸಿನವರಿಗೆ ಅದಿಲ್ಲದೆ ಟಿಕೆಟ್ ಪಕ್ಕಾ ಆಗುವುದಿಲ್ಲ, ಶನಿವಾರದೊಳಗೆ ಕಾಗದ ತಂದುಕೊಡಿ ಎಂದ.

"ಇದೆಲ್ಲ ಸುಮ್ಮನೆ ದುಡ್ಡು ಕೀಳೋ ದಾರಿ," ಎಂದೆ ನಾನು. "ರೈಲಿನಲ್ಲಿ ದಿನಾ ಲಕ್ಷಾಂತರ ಜನ ಓಡಾಡ್ತಾರೆ. ಯಾರು ವಿಮೆ ಮಾಡಿಸ್ತಾರೆ?"

"ನಿಮ್ಮ ರೈಲಿನ್ಯಾಗ ಚೈನ್ ಎಳದ್ರ ನಿಲ್ತೈತಿ," ಎಂದಳು ಗಿರಿಜಾ. "ಹಡಗದಾಗ ಅವ್ವಗ ಏನರ ಆದ್ರ ಯಾವ ಚೈನ್ ಎಳೀತೀರಿ?"

ಈ ವಾದಕ್ಕೆ ರೈಲ್ವೆ ನಿಯಮಾವಳಿಯಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ವಿಮೆ ಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿದು, ಎಲ್ಲಿ ಎಂಬ ಪ್ರಶ್ನೆ ಶುರುವಾಯಿತು. ಏಜೆಂಟನೇ ಮಾಡಿಸಿಕೊಡುತ್ತಾನೆ ಎಂದಳು ಗಿರಿಜಾ. ಅವನು ಕಮಿಷನ್ ಹೊಡೆಯುತ್ತಾನೆ ಎಂದೆ. ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ, ನಾನು ಆಫೀಸಿನಲ್ಲಿ ಕೂತು ಮಾಡುತ್ತೇನೆ ಎಂದಳು. ಮುಖ ಕಾಣದವನ ಹತ್ತಿರ ಯಾರಾದರೂ ವಿಮೆ ಕೊಳ್ಳುತ್ತಾರೆಯೇ ಎಂದೆ. ಎಸ್‌ಪ್ಲನೇಡಿನಲ್ಲಿ ಒಂದು ಹಳೆಯ ವಿಮಾ ಕಚೇರಿ ಇದೆ, ಅಲ್ಲಿಗೆ ನಾನೇ ಖುದ್ದಾಗಿ ಹೋಗಿ, ಅವರ ಭಾಷೆಯಲ್ಲೇ ನಾಲ್ಕು ಮಾತಾಡಿದರೆ ಕೆಲಸ ಹೂವೆತ್ತಿದ ಹಾಗೆ ಆಗುತ್ತದೆ ಎಂದು ಘೋಷಿಸಿದೆ. ಗಿರಿಜಾ ನನ್ನನ್ನು ಒಂದು ಕ್ಷಣ ನೋಡಿದಳು. "ಅವ್ವನ್ನೂ ಕರಕೊಂಡು ಹೋಗ್ರಿ," ಎಂದಳು. ಅತ್ತೆಯ ಸಹಿ ಬೇಕಾದೀತೆಂದು ಹಾಗೆ ಹೇಳಿದಳು ಎಂದುಕೊಂಡೆ.

ಮೆಟ್ರೊದಲ್ಲಿ ಕೂತು ನಾನು ವಾಕ್ಯ ಸಿದ್ಧಪಡಿಸಿದೆ. ಹಿಂದಿಯಲ್ಲಿ ವಿಮೆಗೆ ಬೀಮಾ ಎನ್ನುತ್ತಾರೆ. ಅದಕ್ಕೆ ಸೂತ್ರದ ಪ್ರಕಾರ ಮೊದಲಕ್ಷರದಲ್ಲಿ ಓಕಾರ ಹಚ್ಚಿದೆ. ಹಾಗೆ ಹಚ್ಚಿದಾಗ ಅಲ್ಲಿದ್ದ ಈಕಾರ ಕೆಲಸವಿಲ್ಲದೆ ಹೊರಬಿತ್ತು. ಅದನ್ನು ಬಿಸಾಡಲು ಮನಸ್ಸು ಬಾರದೆ ಕೊನೆಯಕ್ಷರಕ್ಕೆ ಜೋಡಿಸಿದೆ. 'ಬೊಮಿ' ಎಂಬ ಪದ ಸಿದ್ಧವಾಯಿತು. ಕಿವಿಗೂ ಹಿತವಾಗಿತ್ತು. ಅಷ್ಟೇ ಅಲ್ಲ, ಎಲ್ಲೋ ಕೇಳಿದ ಹಾಗೂ ಇತ್ತು. ಖಿದಿರ್‌ಪುರದ ಬಸ್ಸಿನಲ್ಲಿ ಜನ ಈ ಮಾತು ಆಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ತುಂಬಿದ ಬಸ್ಸಿನಲ್ಲಿ, ಅದೂ ಕಿಟಕಿಯ ಪಕ್ಕದ ಸೀಟು ಕೇಳುತ್ತ, ಯಾರು ವಿಮೆಯ ಮಾತಾಡುತ್ತಾರೆ ಎಂಬ ಸಣ್ಣ ಸಂಶಯವೂ ನನಗೆ ಬರಲಿಲ್ಲ.

ಕಚೇರಿಯಲ್ಲಿ ಉದ್ದನೆಯ ಕೌಂಟರು, ಅದರ ಹಿಂದೆ ದಪ್ಪ ಕನ್ನಡಕದ ದತ್ತಬಾಬು. ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಸರದಿ ಬಂದಾಗ ಗಂಟಲು ಸರಿಪಡಿಸಿಕೊಂಡು, ಇಡೀ ಕಚೇರಿಗೆ ಕೇಳುವಂತೆ ಹೇಳಿದೆ:

"ಆಮಿ ಜಾಹಾಜೆ ಜಾಬೊ. ತಾಯಿ ಬೊಮಿ ಕೋರ್ಬೊ."

ನನ್ನ ಮನಸ್ಸಿನಲ್ಲಿದ್ದ ಅರ್ಥ: ನಾನು ಹಡಗಿನಲ್ಲಿ ಹೋಗುತ್ತೇನೆ, ಆದ್ದರಿಂದ ವಿಮೆ ಮಾಡಿಸುತ್ತೇನೆ. ನಾನು ನಿಜವಾಗಿ ಹೇಳಿದ್ದು: ನಾನು ಹಡಗಿನಲ್ಲಿ ಹೋಗುತ್ತೇನೆ, ಆದ್ದರಿಂದ ವಾಂತಿ ಮಾಡುತ್ತೇನೆ.

ದತ್ತಬಾಬು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಮೇಜಿನ ಮೇಲಿದ್ದ ಕಾಗದಗಳನ್ನು ಎದೆಗೆ ಅವಚಿಕೊಂಡರು. ನನಗೆ ಅವರ ಉತ್ಸಾಹ ಕಂಡು ಸಂತೋಷವಾಯಿತು. ಒತ್ತಿ ಹೇಳಿದೆ: "ಏಖನಿ ಬೊಮಿ ಕೋರ್ಬೊ." ಅಂದರೆ, ಈಗಲೇ ಮಾಡುತ್ತೇನೆ.

ಆಮೇಲೆ ನಡೆದದ್ದನ್ನು ನೆನೆದರೆ ಈ ಊರಿನ ಮೇಲೆ ನನಗೆ ಇಂದಿಗೂ ಪ್ರೀತಿ ಉಕ್ಕುತ್ತದೆ. ಬೇರೆ ಯಾವ ಊರಿನಲ್ಲಾದರೂ ಒಬ್ಬ ವಾಂತಿ ಮಾಡುತ್ತೇನೆ ಎಂದರೆ ಜನ ಹಿಂದೆ ಸರಿಯುತ್ತಾರೆ. ಇಲ್ಲಿ ಎಲ್ಲರೂ ಮುಂದೆ ಬಂದರು. ಇಬ್ಬರು ನನ್ನ ರಟ್ಟೆ ಹಿಡಿದು ಬೆಂಚಿನ ಮೇಲೆ ಮಲಗಿಸಿದರು. ಒಬ್ಬರು ಪತ್ರಿಕೆಯಿಂದ ಗಾಳಿ ಬೀಸಿದರು. ಒಬ್ಬ ಹೆಂಗಸು ತಮ್ಮ ಬಾಟಲಿಯ ನೀರನ್ನು ನನ್ನ ತಲೆಗೆ ತಟ್ಟಿದರು. ಇದು ಗ್ಯಾಸೇ ಎಂದು ಒಬ್ಬರು, ಅಲ್ಲ ಲಿವರೇ ಎಂದು ಇನ್ನೊಬ್ಬರು ವಾದಕ್ಕೆ ಇಳಿದರು. ಗ್ಯಾಸಿನವರು ಒಂದು ಹಿಡಿ ಓಮ ಬಾಯಿಗೆ ಹಾಕಿದರು. ಲಿವರಿನವರು ಕಪ್ಪುಪ್ಪು ಬೆರೆಸಿದ ನಿಂಬೆರಸ ತರಿಸಿ ಕುಡಿಸಿದರು. ಧೋತಿ ಉಟ್ಟ ಹಿರಿಯರೊಬ್ಬರು ಇಬ್ಬರನ್ನೂ ಸುಮ್ಮನಿರಿಸಿ, ಜೇಬಿನಿಂದ ಹೋಮಿಯೋಪತಿ ಡಬ್ಬಿ ತೆಗೆದು, ಎರಡು ಬಗೆಯ ಬಿಳಿ ಗುಳಿಗೆಗಳನ್ನು ನನ್ನ ನಾಲಗೆಯ ಮೇಲೆ ಉದುರಿಸಿದರು. ಬಾಯಿ ತುಂಬಿದ್ದರಿಂದ ನನಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಾಗಲಿಲ್ಲ.

ಅತ್ತೆ ಬಂದು ಬಗ್ಗಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಏನ್ರಿ ಅಳಿಯಂದ್ರ, ಅಷ್ಟು ಮಂದ್ಯಾಗ 'ತಾಯಿ' ಅಂತ ಕರದ್ರಿ ನನ್ನ. ಹೊಟ್ಟ್ಯಾಗಿನ ಮಗಾ ಕರದಂಗ ಆತು. ಏನಾಗೇತಿ ನಿಮಗ?"

ಬಂಗಾಳಿಯಲ್ಲಿ ತಾಯಿ ಎಂದರೆ 'ಆದ್ದರಿಂದ' ಎಂದು ಆ ಹೊತ್ತಿನಲ್ಲಿ ಹೇಳುವಷ್ಟು ಕಟುಕ ನಾನಲ್ಲ. ಆದರೆ ಎಲ್ಲೋ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಓಮ ನುಂಗುತ್ತ ಪದವನ್ನು ಪರಿಶೀಲಿಸಿದೆ. ಓಕಾರದ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಹಾಗಾದರೆ ಕೊನೆಯ ಇಕಾರವೇ ತಪ್ಪಿರಬೇಕು. ಮೂಲದಲ್ಲಿದ್ದ ಆಕಾರವನ್ನೇ ಉಳಿಸಬೇಕಿತ್ತು. ಎದ್ದು ಕೂತು, ಎಲ್ಲರಿಗೂ ಕೇಳುವಂತೆ ತಿದ್ದುಪಡಿ ಮಂಡಿಸಿದೆ:

"ಬೊಮಿ ನೊಯ್! ಬೊಮಾ! ಬೊಮಾ ಕೋರ್ಬೊ!"

ಬೊಮಾ ಎಂದರೆ ಬಾಂಬು.

ಗಾಳಿ ಬೀಸುತ್ತಿದ್ದ ಪತ್ರಿಕೆ ನಿಂತಿತು. ಹೋಮಿಯೋಪತಿಯ ಹಿರಿಯರು ಡಬ್ಬಿಯ ಮುಚ್ಚಳ ಹಾಕಿದರು. ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರ ಆ ಕೆಲಸಕ್ಕೆ ಸೇರಿದ ಮೇಲೆ ಬಹುಶಃ ಮೊದಲ ಸಲ ಎದ್ದು ನಿಂತ. ನೇರವಾಗಿ ಬಂದು ನನ್ನ ಕೈಚೀಲ ಕಸಿದುಕೊಂಡು, ತೋಳು ಚಾಚಿ ದೂರದಲ್ಲಿ ಹಿಡಿದು, ಒಳಗೆ ಇಣುಕಿದ. ಒಳಗೆ ಪತ್ರಿಕೆಯಲ್ಲಿ ಸುತ್ತಿ, ಬಿಗಿಯಾಗಿ ದಾರ ಕಟ್ಟಿದ, ದುಂಡನೆಯ ನಾಲ್ಕು ಪೊಟ್ಟಣಗಳಿದ್ದವು.

ಅವು ಅತ್ತೆ ಮಾಡಿದ ಶೇಂಗಾ ಉಂಡಿ. ಹಾದಿಯಲ್ಲಿ ಹಸಿವಾದರೆ ಇರಲಿ ಎಂದು ನನ್ನ ಚೀಲಕ್ಕೆ ಹಾಕಿದ್ದರು. ಆದರೆ ಈ ಊರಿನಲ್ಲಿ ಚುನಾವಣೆಯ ಕಾಲಕ್ಕೆ ಗಲ್ಲಿಗಳಲ್ಲಿ ಸಿಡಿಯುವ ನಾಡಬಾಂಬುಗಳೂ ಹೀಗೇ ದಾರ ಸುತ್ತಿಕೊಂಡೇ ಇರುತ್ತವೆ. ಕಾವಲುಗಾರನ ಮುಖ ಬಿಳಿಚಿತು. ಅವನು ಚೀಲವನ್ನು ಕೆಳಗಿಡಲೂ ಆರದೆ, ಹಿಡಿದುಕೊಳ್ಳಲೂ ಆರದೆ ನಿಂತ. ಜನ ಬಾಗಿಲ ಕಡೆಗೆ ಸರಿದರು. ದತ್ತಬಾಬು ಮೇಜಿನ ಕೆಳಗಿನಿಂದ ಏನೋ ಹೇಳಿದರು, ಕೇಳಿಸಲಿಲ್ಲ. ನನಗೆ ಹಡಗು, ಅತ್ತೆ, ಶನಿವಾರ ಮೂರೂ ಕಣ್ಣ ಮುಂದೆ ಮುಳುಗಿದವು. ನನ್ನ ಓಕಾರದಿಂದಾಗಿ ಈ ಹೆಂಗಸು ಮತ್ತೊಮ್ಮೆ ಹಡಗು ತಪ್ಪಿಸಿಕೊಳ್ಳುತ್ತಾರೆ ಎಂದು ಎದೆ ಒಡೆಯಿತು.

ಆಗ ಅತ್ತೆ ಎದ್ದರು. ಕಾವಲುಗಾರನ ಹತ್ತಿರ ಹೋಗಿ, ಚೀಲಕ್ಕೆ ಕೈ ಹಾಕಿ, ಒಂದು ಪೊಟ್ಟಣದ ದಾರವನ್ನು ಹಲ್ಲಿನಿಂದ ಕಡಿದರು. ಯಾರೋ ಚೀರಿದರು. ಅತ್ತೆ ಉಂಡಿಯನ್ನು ಮುರಿದು ಅರ್ಧ ತಮ್ಮ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಅವನ ಅಂಗೈಯಲ್ಲಿಟ್ಟರು.

"ತಿನ್ನಪಾ. ಮಾರಿ ನೋಡು, ಹಸದೀದಿ," ಎಂದರು.

ಅವನು ತಿಂದ. ಇಡೀ ಕಚೇರಿ ಅವನ ದವಡೆಯನ್ನೇ ನೋಡುತ್ತಿತ್ತು. ಅಗಿದು ನುಂಗಿ, ನಿಧಾನವಾಗಿ ಇನ್ನೊಂದಕ್ಕೆ ಕೈ ಚಾಚಿದ. ಜನ ಉಸಿರು ಬಿಟ್ಟರು. ಅತ್ತೆ ಉಳಿದ ಉಂಡಿಗಳನ್ನು ಮುರಿಮುರಿದು, ಗ್ಯಾಸಿನವರು ಲಿವರಿನವರು ಎಂದು ಭೇದ ಮಾಡದೆ ಎಲ್ಲರಿಗೂ ಹಂಚಿದರು. ಕೊನೆಯ ಚೂರನ್ನು ಮೇಜಿನ ಕೆಳಗಿನಿಂದ ಹೊರಬಂದ ದತ್ತಬಾಬುವಿಗೆ ಕೊಟ್ಟು, ಸೊಂಟದಿಂದ ತಮ್ಮ ಪಾಸ್‌ಪೋರ್ಟ್ ತೆಗೆದು ಕೌಂಟರಿನ ಮೇಲಿಟ್ಟು ಹೇಳಿದರು:

"ಹಡಗಕ್ಕ ಹೊಂಟೀವಪಾ. ಇನ್ಸೂರೆನ್ಸ್ ಬೇಕಾಗೇತಿ."

"ಓ! ಇನ್ಶಿಯೋರೆನ್ಸ್!" ಎಂದರು ದತ್ತಬಾಬು. "ಬೋಶುನ್ ಮಾಶೀಮಾ, ಬೋಶುನ್." ಕೂತುಕೊಳ್ಳಿ ಚಿಕ್ಕಮ್ಮ ಎಂದು ಕುರ್ಚಿ ತರಿಸಿದರು.

ಐದು ವರ್ಷದಲ್ಲಿ ನನಗೆ ಹೊಳೆಯದ ಆ ಪದ ಎಷ್ಟು ಸರಳವಾಗಿತ್ತು! ಕಚೇರಿಯ ಬಾಗಿಲ ಮೇಲೆ, ಮೊಳದುದ್ದದ ಅಕ್ಷರಗಳಲ್ಲಿ, ಅದನ್ನೇ ಬರೆದಿದ್ದರು.

ಅತ್ತೆಯ ಕೆಲಸ ಬೇಗ ಮುಗಿಯಿತು. ಬಿಪಿ ಇದೆಯೇ ಎಂದು ದತ್ತಬಾಬು ತೋಳು ಮುಟ್ಟಿಕೊಂಡು ತೋರಿಸಿದರು. ಅತ್ತೆ ಅದೇ ತೋಳಿನಿಂದ ರೊಟ್ಟಿ ಬಡಿದು ತೋರಿಸಿದರು. ಅವರು ಕನ್ನಡದಲ್ಲಿ, ಇವರು ಬಂಗಾಳಿಯಲ್ಲಿ ಆಡಿದ ಆ ಸಂಭಾಷಣೆಯಲ್ಲಿ ಒಂದು ಮಾತೂ ವ್ಯರ್ಥವಾಗಲಿಲ್ಲ. ನಾನು ಬೆರಗಾಗಿ ನೋಡುತ್ತ ನಿಂತೆ. ಇಂಥ ಹೆಂಗಸಿನ ಅಳಿಯನಾಗಿರುವುದು ನನ್ನ ಪುಣ್ಯ ಎಂದು ಮನಸಾರೆ ಅನ್ನಿಸಿತು. ಅತ್ತೆಗೆ ಮತ್ತು ಗಿರಿಜಾಗೆ ವಿಮೆ ಅಲ್ಲೇ ಸಿಕ್ಕಿತು. ಆಮೇಲೆ ದತ್ತಬಾಬು ನನ್ನನ್ನು ಮೇಲಿಂದ ಕೆಳಗೆ ನೋಡಿ, ಶುದ್ಧ ಇಂಗ್ಲಿಷಿನಲ್ಲಿ, ನಿಮಗೆ ಡಾಕ್ಟರ ಸರ್ಟಿಫಿಕೇಟ್ ಬೇಕು ಎಂದರು. ನಾನು ಪ್ರತಿಭಟಿಸಿದೆ. ಅವರು ಜನರ ಕಡೆ ಕೈ ತೋರಿಸಿದರು. ಸಾಕ್ಷಿಗಳೆಲ್ಲ ಕನಿಕರದಿಂದ ತಲೆಯಾಡಿಸಿದರು.

ಮರುದಿನವೇ ಡಾಕ್ಟರ ಹತ್ತಿರ ಹೋದೆ. ನನಗೇನೂ ಆಗಿಲ್ಲ, ಎಲ್ಲ ಒಂದು ಅಕ್ಷರದ ತಪ್ಪು ಎಂದು ವಿವರಿಸತೊಡಗಿದೆ. ಆದರೆ ಓಮ, ನಿಂಬೆರಸ, ಎರಡು ಬಗೆಯ ಗುಳಿಗೆ ರಾತ್ರಿಯೆಲ್ಲ ಹೊಟ್ಟೆಯಲ್ಲಿ ಸಭೆ ನಡೆಸಿ ಬೆಳಿಗ್ಗೆ ನಿರ್ಣಯಕ್ಕೆ ಬಂದಿದ್ದವು. ವಿವರಣೆಯ ನಡುವೆಯೇ ಡಾಕ್ಟರ ಬಕೆಟ್ಟಿನಲ್ಲಿ ಆ ಬಂಗಾಳಿ ವಾಕ್ಯವನ್ನು ಅಕ್ಷರಶಃ ನಿಜ ಮಾಡಿ ತೋರಿಸಿದೆ. ಡಾಕ್ಟರು ಒಂದು ವಾರ ಮಲಗಿರಿ, ಪ್ರಯಾಣದ ಮಾತೇ ಬೇಡ ಎಂದು ಬರೆದುಕೊಟ್ಟರು.

ಶನಿವಾರದೊಳಗೆ ನನ್ನ ವಿಮೆ ಆಗಲೇ ಇಲ್ಲ; ಅಮ್ಮ, ಮಗಳು ಇಬ್ಬರೇ ಹೋಗಿಬಂದರು. ಹಡಗಿನ ಕಟಕಟೆ ಹಿಡಿದು, ಸೆರಗು ಹಾರಿಸಿಕೊಂಡು ನಿಂತ ಅತ್ತೆಯ ಫೋಟೊ ಈಗ ನಮ್ಮ ಹಜಾರದಲ್ಲಿದೆ. ಹಿಂದೆ ಬರೀ ನೀರು, ದಂಡೆ ಎಲ್ಲೂ ಕಾಣುವುದಿಲ್ಲ. ಮನೆಯಲ್ಲಿರುವ ಅತ್ಯಂತ ಚೆಂದದ ಚಿತ್ರ ಅದೇ. ಬಂದವರೆಲ್ಲ ಅದನ್ನು ನೋಡಿ, ನೀವೆಲ್ಲೂ ಕಾಣುವುದಿಲ್ಲವಲ್ಲ ಎಂದು ನನ್ನನ್ನು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡಿಗೆ ಮನೆಯಿಂದ ಹೇಳುತ್ತಾರೆ:

"ಅವರು ಬಾಳ ಸೂಕ್ಷ್ಮ ಅದಾರ್ರಿ. ಹಡಗಿನ ಹೆಸರ ಹೇಳಿದ್ರ ಸಾಕು, ಎಸ್‌ಪ್ಲನೇಡಿನ್ಯಾಗ ನಿಂತಲ್ಲೇ ವಾಂತಿ ಬರ್ತಾವ."