ಸಾಹೇಬರ ದೊಡ್ಡ ವಾಲ್ವು

ಮ್ಯಾನೇಜರ್ ಸಾಹೇಬರ ಹೊಸ ರುಮಾಲು ತೊಯ್ದದ್ದೇ ತಡ, ಫಿಟರ್ ಶಿವಯೋಗೆಪ್ಪನ ನೌಕರಿಗೆ ಕುತ್ತು ಬಂತು.

ವಿಜಾಪುರದ ಆ ಹತ್ತಿ ಕಂಪನಿಯ ಕಚೇರಿಗೆ ಮೂರು ಖೋಲಿ. ಬೇಸಿಗೆಯ ಝಳ ತಡೆಯಲು ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿ, ಮಾಳಿಗೆಯ ಟಾಕಿಯಿಂದ ಅವುಗಳ ಮೇಲೆ ನೀರು ಇಳಿಬಿಟ್ಟವನು ಶಿವಯೋಗೆಪ್ಪನೇ. ಆದರೆ ಟಾಕಿಗೆ ಹತ್ತಿರದ ಸಾಹೇಬರ ಖೋಲಿಯಲ್ಲಿ ಕೆರೆ, ಕೊನೆಯ ದಫ್ತರದ ಖೋಲಿಯಲ್ಲಿ ಹನಿ ನೀರಿಲ್ಲ. ಅಲ್ಲಿ ಕೂಡುವ ಕಾರಕೂನ ಅಬ್ದುಲಸಮದ ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿದ್ದ.

“ಸಂಜೀಗೆ ಮೂರೂ ಖೋಲಿಗೆ ಸಮ ನೀರು ಬರಬೇಕು. ಬಂದ್ರ ನಿನ್ನ ಖಾಯಂ ಮಾಡ್ತೀನಿ. ಇಲ್ಲಾಂದ್ರ ನಾಳಿ ತಿಕೋಟಾದ ಹಾದಿ ಹಿಡಿ!” ಎಂದರು ಸಾಹೇಬರು, ರುಮಾಲು ಹಿಂಡುತ್ತ.

ಅವನ ಊರು ತಿಕೋಟಾದಲ್ಲಿ ಹೆಂಡತಿ ಮುರಿಗೆವ್ವ, ಗಂಡ ಖಾಯಂ ಆದರೆ ಪ್ಯಾಟಿಯಲ್ಲಿ ಸಂಸಾರ ಹೂಡಬೇಕೆಂದು ಎರಡು ವರ್ಷದಿಂದ ಕಾದು ಕೂತಿದ್ದಳು. ಶಿವಯೋಗೆಪ್ಪ ಬಜಾರಕ್ಕೆ ಓಡಿದ.

ನಳದ ಸಾಮಾನಿನ ಅಂಗಡಿಯ ರಸೂಲಸಾಬ ಮೂರು ಅಳತೆಯ ಮೂರು ಹಿತ್ತಾಳೆ ವಾಲ್ವು ಮುಂದಿಟ್ಟ. “ಯಾಕ ಹೆದರ್ತಿಯೋ ತಮ್ಮಾ? ಟಾಕಿ ಹತ್ರದ ಖೋಲಿಗೆ ಸಣ್ಣದು ಹಾಕು, ನೀರು ತಡೀತೈತಿ. ನಡುವಿಂದಕ್ಕ ನಡುವಿಂದು, ದೂರಿಂದಕ್ಕ ದೊಡ್ಡದು. ಮುಗೀತು!”

ಎಲ್ಲಿ ಮುಗೀತು? ಕಚೇರಿಯಲ್ಲಿ ಚೀಲ ಬಿಚ್ಚುವಷ್ಟರಲ್ಲಿ ನಡುವಿನ ಖೋಲಿಯ ಹೆಡ್ ಕ್ಲಾರ್ಕ್ ಬಸಗೊಂಡಪ್ಪ ಹಾಜರು.

“ಯಾವದು ಯಾರಿಗಪಾ?”

“ಸಣ್ಣದು ಸಾಹೇಬ್ರಿಗ್ರಿ, ದೊಡ್ಡದು ಅಬ್ದುಲಸಮದಗ್ರಿ.”

“ತಲಿ ನೆಟ್ಟಗೈತೇನಲೇ? ಸಾಹೇಬ್ರ ಖುರ್ಚಿ ದೊಡ್ಡದು, ಟೇಬಲ್ ದೊಡ್ಡದು, ವಾಲ್ವ ಅಷ್ಟ ಸಣ್ಣದಾ? ಅವರ ಮರ್ಯಾದಿ ಏನಾಗಬೇಕು?”

“ಹೌದಲ್ಲ!” ಎಂದರು ಸಾಹೇಬರು ಒಳಗಿನಿಂದ.

“ನೀರಿಗೆ ಹುದ್ದೆ ಗೊತ್ತಾಗಂಗಿಲ್ರಿ ಯಪ್ಪಾ…” ಎಂದ ಶಿವಯೋಗೆಪ್ಪ. ಯಾರು ಕೇಳಬೇಕು?

ಹುದ್ದೆ ನೋಡಿಯೇ ಜೋಡಿಸಿದ: ದೊಡ್ಡದು ಸಾಹೇಬರಿಗೆ, ಸಣ್ಣದು ಅಬ್ದುಲಸಮದನಿಗೆ. ನೀರು ಬಿಟ್ಟ ಗಳಿಗೆಗೆ ಸಾಹೇಬರ ಖೋಲಿಯಿಂದ ಅವರ ಚಪ್ಪಲಿ ತೇಲುತ್ತ ಹೊರಗೆ ಬಂತು. ಆ ಕಡೆಯಿಂದ ಅಬ್ದುಲಸಮದ ಕೂಗಿದ: “ಶಿವಯೋಗೆಪ್ಪಾ, ಇಲ್ಲಿ ಹಲ್ಲಿನೂ ನೀರಡಿಸಿ ಸಾಯಾಕತ್ತೈತೋ!”

ಸಂಜೆಗೆ ಇನ್ನೊಂದೇ ತಾಸು. ಬೆವರು ಒರೆಸಲು ಕಿಸೆಯಿಂದ ವಸ್ತ್ರ ತೆಗೆಯಹೋದರೆ, ರಸೂಲಸಾಬ ಕೊಟ್ಟ ಚಿಲ್ಲರೆ ಕೈಗೆ ತಾಗಿತು. ಯುದ್ಧದಲ್ಲಿ ತಾಮ್ರ ಸಾಲದೆ ಸರ್ಕಾರ ನಡುವೆ ತೂತು ಹಾಕಿ ಹೊರಡಿಸಿದ್ದ ದುಡ್ಡು ಅದು! ಶಿವಯೋಗೆಪ್ಪ ಅದನ್ನೇ ನೋಡಿದ. ಸುತ್ತಮುತ್ತ ನೋಡಿದ. ಸಾಹೇಬರ ದೊಡ್ಡ ವಾಲ್ವು ಬಿಚ್ಚಿ, ಅದರ ಬಾಯಿಗೆ ಆ ತೂತಿನ ದುಡ್ಡು ಇಟ್ಟು, ಮತ್ತೆ ಬಿಗಿದ. ಹೊರಗೆ ದೊಡ್ಡಸ್ತಿಕೆ ಇದ್ದ ಹಾಗೇ ಇತ್ತು, ಒಳಗೆ ತೂತಿನಷ್ಟೇ ನೀರು.

ಮೂರೂ ತಟ್ಟಿ ಹದವಾಗಿ ತೊಯ್ದವು. “ಯಾ ಅಲ್ಲಾ, ಜೀವ ಬಂತು!” ಎಂದ ಅಬ್ದುಲಸಮದ.

ಸಾಹೇಬರು ತಮ್ಮ ವಾಲ್ವಿನ ಚಕ್ರ ಸವರಿದರು. “ನೋಡಿದ್ರಿ? ಹುದ್ದೆ ನೋಡಿ ಹಾಕಿದ್ರ ನೀರೂ ಮರ್ಯಾದಿಲೆ ಬರ್ತೈತಿ!” ಅಲ್ಲೇ ಖಾಯಂ ಕಾಗದಕ್ಕೆ ಸಹಿ ಬಿತ್ತು. ಶಿವಯೋಗೆಪ್ಪನಿಗೆ ಹೋದ ಉಸಿರು ಬಂತು, ಕಣ್ಣೂ ತುಂಬಿತು.

“ಈ ಸಮ ಕೆಡಬಾರ್ದು,” ಎಂದರು ಸಾಹೇಬರು. “ನಾಳಿಯಿಂದ ಹತ್ತರಿಂದ ಐದರ ತನ ನಿನ್ನ ಖಾಯಂ ಜಾಗಾ ಮಾಳಿಗಿ ಮ್ಯಾಲ, ಟಾಕಿ ಕಾಯ್ಕೋತ.”

ಮರುದಿನ ರಣರಣ ಬಿಸಿಲು. ತಲೆಗೆ ಒದ್ದೆ ವಸ್ತ್ರ ಸುತ್ತಿ, ಕಾದ ಮಾಳಿಗೆಯ ಮೇಲೆ ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಎತ್ತುತ್ತ ನಿಂತಿದ್ದ ಶಿವಯೋಗೆಪ್ಪ. ಆದರೂ ಮನಸ್ಸು ಹಗುರವಾಗಿತ್ತು. ಮುರಿಗೆವ್ವನಿಗೆ ಕಾಗದ ಹೋಗಿತ್ತು, ನೌಕರಿ ಉಳಿದಿತ್ತು.

ಅಷ್ಟರಲ್ಲಿ ಕೆಳಗಿನಿಂದ ಬಸಗೊಂಡಪ್ಪನ ದನಿ ಬಂತು:

“ಶಿವಯೋಗೆಪ್ಪಾ, ನೀರು ಸ್ವಲ್ಪ ಕಡಿಮಿ ಮಾಡೋ! ನಮಗೆಲ್ಲಾ ಥಂಡಿ ಹತ್ತಾಕತ್ತೈತಿ!”