ಡೆಲ್ಮರನ ಮನೆ ಪಾಸಾದ ದಿನ

"ಮನೆಯೊಳಗೇ ಉಣ್ಣೆ ಟೋಪಿ ಹಾಕ್ಕೊಂಡು ಕಾಫಿ ಕುಡಿಯೋನನ್ನ ಇವತ್ತೇ ನೋಡಿದ್ದು ಕಣೋ ನಾನು. ನಿನ್ನ ಹೆಂಡ್ತಿ ಅರ್ಲಿಸ್ ಬಿಟ್ಟು ಹೋಗಿದ್ದು ಸುಮ್ನೆ ಅಲ್ಲ."

ಹೀಗೆನ್ನುತ್ತ ಪಕ್ಕದ ಮನೆಯ ವರ್ನಾ, ಬಾಗಿಲು ತಟ್ಟುವ ತೊಂದರೆ ತೆಗೆದುಕೊಳ್ಳದೆ ಒಳಗೆ ಬಂದು, ನಿಂಬೆ ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಬಿಟ್ಟು ಹೋಗಿಲ್ಲ. ಅವಳ ತಂಗಿ ಮನೇಲಿದ್ದಾಳೆ," ಎಂದ ಡೆಲ್ಮರ್. ಮಾತಿನ ಜೊತೆ ಬಾಯಿಂದ ಹೊಗೆಯೂ ಬಂತು. ಅವನು ಸಿಗರೇಟು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಡೆಲ್ಮರನ ಮನೆ ಹಳೆಯದೇನಲ್ಲ. ಅಕ್ಟೋಬರಿನಲ್ಲಷ್ಟೇ ಕಾರ್ಖಾನೆಯಿಂದ ಎರಡು ಹೋಳಾಗಿ, ಎರಡು ಲಾರಿಗಳ ಬೆನ್ನೇರಿ ಬಂದಿತ್ತು. ಹೋಳುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ಕಾರ್ಖಾನೆಯವರು ಕೈಕುಲುಕಿ ಹೋಗಿದ್ದರು. ದಪ್ಪ ಗೋಡೆ, ಜೋಡಿ ಗಾಜಿನ ಕಿಟಕಿ, ಮನೆ ಬೆಚ್ಚಗಿಡಲು ಹೀಟ್ ಪಂಪು. ಮಾಂಟಾನಾದ ಚಳಿಗಾಲವನ್ನು ಒಂದು ಹೇರ್ ಡ್ರೈಯರಿನಷ್ಟು ಕರೆಂಟಿನಲ್ಲಿ ಕಳೆಯಬಹುದೆಂದು ಅವರ ಪುಸ್ತಿಕೆ ಹೇಳಿತ್ತು. ಆದರೆ ಹೋಳು ಹೋಳು ಸೇರುವ ಕಡೆ, ಹಜಾರದ ನಟ್ಟನಡುವೆ, ಉದ್ದಕ್ಕೂ ಗಾಳಿ ನುಗ್ಗುತ್ತಿತ್ತು. ಅವರೂರು ಗ್ರೇಟ್ ಫಾಲ್ಸಿನ ಗಾಳಿಯೆಂದರೆ ದನದ ಕೊಟ್ಟಿಗೆಯನ್ನೇ ಪಕ್ಕದ ಹೊಲಕ್ಕೆ ಎತ್ತಿ ಇಡುವಂಥದ್ದು. ಹೀಟ್ ಪಂಪು ಹಗಲಿರುಳು ದುಡಿದು ಇಡೀ ಬಯಲಿಗೆ ಬಿಸಿ ಬಡಿಸುತ್ತಿತ್ತು. ಮನೆಯವರ ಪಾಲಿಗೆ ಅದರ ಸದ್ದು ಮಾತ್ರ.

ಅರ್ಲಿಸ್ ಹೊಸ ವರ್ಷದವರೆಗೆ ತಡೆದಳು. ಒಂದು ಬೆಳಿಗ್ಗೆ ನೀರಿನ ಲೋಟದಲ್ಲಿಟ್ಟಿದ್ದ ತನ್ನ ಹಲ್ಲಿನ ಸೆಟ್ಟು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ತನ್ನನ್ನೇ ನೋಡಿ ನಗುತ್ತಿದ್ದುದನ್ನು ಕಂಡು ಸೂಟ್‌ಕೇಸು ತೆಗೆದಳು. ಶುಕ್ರವಾರದೊಳಗೆ ಮನೆ ಬೆಚ್ಚಗಾದರೆ ಸರಿ. ಇಲ್ಲವಾದರೆ ಶನಿವಾರ ತಂಗಿಯ ಜೊತೆ ಬಿಸಿಲೂರಾದ ಅರಿಜೋನಾಕ್ಕೆ ಹೊರಡುವುದಾಗಿಯೂ, ಏಪ್ರಿಲ್‌ವರೆಗೆ ತನ್ನನ್ನು ಹುಡುಕಬಾರದೆಂದೂ ಹೇಳಿ ಹೋಗಿದ್ದಳು. ಇವತ್ತು ಶುಕ್ರವಾರ.

"ಇವತ್ತು ಒಂದು ಗಂಟೆಗೆ ಕಾರ್ಖಾನೆಯೋರು ಬರ್ತಾರೆ ವರ್ನಾ. ಮನೆ ಪರೀಕ್ಷೆ ಮಾಡೋಕೆ," ಎಂದು ಡೆಲ್ಮರ್ ಶುರು ಮಾಡಿದ.

ಫೇಲಾದರೆ ಕಾರ್ಖಾನೆಯೇ ತನ್ನ ಖರ್ಚಿನಲ್ಲಿ ಎಲ್ಲ ಸರಿಮಾಡಬೇಕು, ಪಾಸಾದರೆ ದೂರು ಅಲ್ಲಿಗೇ ಮುಗಿಯಿತು, ಆದ್ದರಿಂದ ಇವತ್ತು ಮನೆ ಚೆನ್ನಾಗಿ ಸೋರಬೇಕು ಎಂದು ಹೇಳುವವನಿದ್ದ. ಅಷ್ಟು ಹೇಳಲು ವರ್ನಾ ಅಲ್ಲಿರಬೇಕಲ್ಲ. 'ಪರೀಕ್ಷೆ' ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಕೋಟಿನ ಗುಂಡಿ ಹಾಕುತ್ತ ಅಂಗಳ ದಾಟಿದ್ದಳು.

ಅದು ಆ ಬಡಾವಣೆಯ ಪದ್ಧತಿ. ಮನೆಗಳು ಇವರದಾದರೂ ನೆಲ ಬಾಡಿಗೆಯದು; ಆ ನೆಲದ ಹಿಂದಿನ ಮಾಲೀಕ ಯಾರನ್ನಾದರೂ ಓಡಿಸಬೇಕೆನಿಸಿದಾಗಲೆಲ್ಲ ತಪಾಸಣೆಯವರನ್ನು ಕಳಿಸುತ್ತಿದ್ದ. ಅಂದಿನಿಂದ, ಯಾರ ಮನೆಗೆ ತಪಾಸಣೆ ಬಂದರೂ ಮಿಕ್ಕವರು ಕೈಲಿದ್ದ ಕೆಲಸ ಬಿಟ್ಟು ಬಂದು ಆ ಮನೆಯನ್ನು ಪಾಸು ಮಾಡಿಸುವುದು, ಯಾಕೆ ಏನು ಎಂದು ಕೇಳದಿರುವುದು. ಒಮ್ಮೆ ಬೆಂಕಿ ಆರಿಸುವ ಒಂದೇ ಒಂದು ಸಿಲಿಂಡರು, ತಪಾಸಣೆಯವನಿಗಿಂತ ಒಂದು ಹೆಜ್ಜೆ ಮುಂದೆ ಹಿತ್ತಿಲ ಬೇಲಿಗಳನ್ನು ಹಾರುತ್ತ, ಹನ್ನೊಂದು ಮನೆಗಳಲ್ಲಿ ಪಾಸಾಗಿತ್ತು.

ಡೆಲ್ಮರ್ ಶಾಲೆಯ ಬಸ್ಸು ಓಡಿಸುವವನು. ಮಧ್ಯಾಹ್ನ ಬಿಡುವ ಪುಟ್ಟ ಮಕ್ಕಳಿಗಾಗಿ ಶಾಲೆಯ ಮುಂದೆ ಬಸ್ಸು ನಿಲ್ಲಿಸಿ ಕಾಯುತ್ತಿದ್ದಾಗ ಆರಿನ್ ಮುದುಕನ ಫೋನು ಬಂತು. ಆರಿನ್ ಮೂವತ್ತು ವರ್ಷ ಇಂಥ ಮನೆಗಳನ್ನು ಜೋಡಿಸಿ ನಿವೃತ್ತನಾದವನು; ಬಡಾವಣೆಯ ಪಾಲಿಗೆ ಮುಖ್ಯ ಇಂಜಿನಿಯರು.

"ನಿನ್ನ ಮನೆ ನಡು ಸಂದಿಗೆ ರಬ್ಬರ್ ಪಟ್ಟಿ ಹಾಕೋದನ್ನೇ ಮರ್ತಿದ್ದಾರೆ ಕಣಯ್ಯ. ನನ್ನ ಹೆಬ್ಬೆಟ್ಟೇ ಒಳಗೆ ಹೋಗತ್ತೆ. ಚಿಂತೆ ಮಾಡ್ಬೇಡ, ಹನ್ನೊಂದು ಜನ ಇದ್ದೀವಿ, ತುಂಬ್ತಿದ್ದೀವಿ."

ಡೆಲ್ಮರ್ ಸೀಟಿನಿಂದ ಎದ್ದೇಬಿಟ್ಟ. "ತುಂಬ್ಬೇಡಿ ಆರಿನ್. ದಮ್ಮಯ್ಯ, ಮುಟ್ಬೇಡಿ ಅದನ್ನ. ಮನೆ ಫೇಲಾಗ್ಬೇಕು ನಂಗೆ."

ಆರಿನ್ ಮೆಚ್ಚುಗೆಯ ದನಿಯಲ್ಲಿ, "ಭೇಷ್. ಫೋನಲ್ಲಿ ಹಾಗೇ ಹೇಳ್ಬೇಕು. ಯಾರು ಕೇಳಿಸ್ಕೊತಿರ್ತಾರೋ ಏನೋ," ಎಂದು ಇಟ್ಟುಬಿಟ್ಟ. ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ. ಎರಡೂ ಕೈಗೆ ಅಂಟು ಮೆತ್ತಿಕೊಂಡವನು ಫೋನು ಎತ್ತುವುದಾದರೂ ಹೇಗೆ?

ಇಪ್ಪತ್ತಾರು ಮಕ್ಕಳನ್ನು ಇಪ್ಪತ್ತಾರು ಬಾಗಿಲಲ್ಲಿ ಇಳಿಸಬೇಕು. ಒಂದು ಮಗು ಇಳಿದ ಮೇಲೆ ಕೈಗವಸು ಮರೆತೆನೆಂದು ಮತ್ತೆ ಹತ್ತಿತು. ಇನ್ನೊಂದು ತನ್ನ ಅಜ್ಜಿ ಬಂದು ಕೈಹಿಡಿಯುವವರೆಗೆ ಕದಲುವುದಿಲ್ಲವೆಂದಿತು. ಅಜ್ಜಿಗೆ ಮಂಡಿ ನೋವು. ಡೆಲ್ಮರ್ ಖಾಲಿ ಬಸ್ಸನ್ನು ಶೆಡ್ಡಿಗೂ ಒಯ್ಯದೆ ನೆಟ್ಟಗೆ ಮನೆಯ ಮುಂದೆ ತಂದು ನಿಲ್ಲಿಸುವ ಹೊತ್ತಿಗೆ ಒಂದಕ್ಕೆ ಐದು ನಿಮಿಷವಿತ್ತು.

ಒಳಗೆ ಹೋದವನು ಬಾಗಿಲಲ್ಲೇ ನಿಂತ. ಗೋಡೆ ಗೋಡೆಗೂ ಅಂಟುಪಟ್ಟಿ. ನಡು ಸಂದಿಯಲ್ಲಿ ಫೋಮು, ಅದರ ಮೇಲೆ ಟೇಪು, ಟೇಪಿನ ಮೇಲೆ ಯಾರದೋ ಮೂರು ರಜಾಯಿಗಳು, ಅವು ಬೀಳದ ಹಾಗೆ ಒತ್ತಿ ನಿಂತ ನಾಲ್ಕು ಕುರ್ಚಿಗಳು. ಕೊನೆಗೂ ಉಳಿದ ಒಂದು ತೂತಿಗೆ ಅಡ್ಡವಾಗಿ ವರ್ನಾ ತಾನೇ ಬೆನ್ನು ಕೊಟ್ಟು ಕೂತು ಹೆಣಿಗೆ ಹಾಕುತ್ತಿದ್ದಳು. ಚಳಿಗೆ ಊರಿನ ಅಂಗಡಿಗಳಲ್ಲಿ ಅಂಟುಪಟ್ಟಿಯೆಲ್ಲ ಖಾಲಿಯಾಗಿತ್ತಂತೆ. ಅದಕ್ಕೆ ವರ್ನಾ ತನ್ನ ಮನೆಯ ಸಂದಿಗಳಿಗೆ ಅಂಟಿಸಿದ್ದನ್ನೇ ಕಿತ್ತು ತಂದಿದ್ದಳಂತೆ.

"ಒಂದೆರಡು ಗಂಟೆ ಚಳಿ ತಡ್ಕೊಂಡ್ರೆ ನಾನೇನು ಸಾಯಲ್ಲ," ಎಂದಳು ಸೂಜಿ ನಿಲ್ಲಿಸದೆ.

ಮನೆ ಮಾತ್ರ ಬೆಚ್ಚಗಿತ್ತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಡೆಲ್ಮರ್ ಟೋಪಿ ತೆಗೆದ.

ಅವನು ಬಾಯಿ ತೆರೆಯುವ ಮೊದಲೇ ಕಾರ್ಖಾನೆಯ ಬ್ರೋಡಿ ಬಂದ. ತೆಳ್ಳಗಿನ, ಸಭ್ಯ ಮನುಷ್ಯ. ಮುಂಬಾಗಿಲಿನ ಚೌಕಟ್ಟಿಗೆ ಕೆಂಪು ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿದ. ಅದು ಮನೆಯ ಗಾಳಿಯನ್ನು ಹೊರಗೆಳೆಯುತ್ತದೆ. ಸಂದುಗೊಂದುಗಳಿಂದ ಎಷ್ಟು ಒಳಗೆ ಬರುತ್ತದೆಂದು ಮೀಟರು ಹೇಳುತ್ತದೆ. ಮೀಟರಿನ ಅಂಕಿ ಐದು ದಾಟಿದರೆ ಫೇಲು. ಗೋಡೆಯ ಟೇಪುಗಳನ್ನೂ ಕುರ್ಚಿಗಳನ್ನೂ ಬ್ರೋಡಿ ಒಂದು ಸುತ್ತು ನೋಡಿದ.

"ಬಹಳ ಕಾಳಜಿ ಇರೋ ಜನ ನೀವು," ಎಂದ. ಅವನ ಫಾರಮ್ಮಿನಲ್ಲಿ ಅಂಕಿ ಬರೆಯಲು ಒಂದು ಚೌಕವಿತ್ತೇ ಹೊರತು ಕುರ್ಚಿಗಳ ಬಗ್ಗೆ ಬರೆಯಲು ಜಾಗವಿರಲಿಲ್ಲ.

ಫ್ಯಾನು ಗರ್ಜಿಸತೊಡಗಿತು. ಡೆಲ್ಮರ್ ಮೆಲ್ಲಗೆ ಬಚ್ಚಲುಮನೆಗೆ ಜಾರಿ ಕಿಟಕಿ ತೆರೆದ. ಹಿಂದೆಯೇ ಬಂದ ಆರಿನ್ ಅದನ್ನು ಮುಚ್ಚಿದ. ಅಡುಗೆಮನೆಯ ಕಿಟಕಿ ತೆರೆದ; ಇನ್ನೊಬ್ಬರು ಮುಚ್ಚಿದರು. ಕೊನೆಗೆ ಹಿತ್ತಿಲ ಬಾಗಿಲಿನತ್ತ ಕೈಚಾಚಿದಾಗ ಮೂರು ಜನ ಅವನನ್ನು ಹೆಗಲು ಹಿಡಿದು ಸೋಫಾದ ಮೇಲೆ ಕೂರಿಸಿ, ಬಾಯಿಗೆ ನಿಂಬೆ ಕೇಕು ಕೊಟ್ಟರು. ಪರೀಕ್ಷೆಯೆಂದರೆ ಕೆಲವರಿಗೆ ಹೀಗೇ ಗಾಬರಿಯಾಗುತ್ತದೆಂದು ಬ್ರೋಡಿಗೆ ವಿವರಿಸಿದರು.

ಮೀಟರು ನಿಂತಿತು. ಒಂದೂವರೆ.

"ನನ್ನ ಸರ್ವೀಸಿನಲ್ಲಿ ಇಷ್ಟು ಬಿಗಿ ಮನೆ ನೋಡಿಲ್ಲ ಸರ್," ಎಂದ ಬ್ರೋಡಿ, ದನಿಯಲ್ಲಿ ಭಕ್ತಿಯೇ ಇತ್ತು. "ನಿಜ ಹೇಳ್ಬೇಕಂದ್ರೆ ನೀವು ಫೇಲೇ ಅಂದ್ಕೊಂಡು ಬಂದಿದ್ದೆ. ನಿಮ್ಮ ಮನೆ ಹೊರಟ ವಾರದ ಮನೆಗಳಿಗೆಲ್ಲ ನಡು ಪಟ್ಟಿ ಮರೆತುಬಿಟ್ಟಿದ್ದಾರೆ. ರಿಪೇರಿಯೋರನ್ನ ಜೊತೇಲೇ ಕರ್ಕೊಂಡ್ ಬಂದಿದ್ದೀನಿ, ಗೇಟಿನ ಹತ್ರ ಲಾರೀಲಿ ಕೂತಿದ್ದಾರೆ. ಇವತ್ತೇ ಮುಗಿಸಿ ಹೋಗೋಣ ಅಂತಿದ್ವಿ. ನಿಮಗೆ ಅದರ ತೊಂದ್ರೆ ಇಲ್ಲ ಬಿಡಿ."

ಡೆಲ್ಮರ್ ಎದ್ದು ನಿಂತ. ಇದೆಲ್ಲ ಸುಳ್ಳು, ಕಿತ್ತು ಹಾಕಿ ಇನ್ನೊಮ್ಮೆ ನೋಡಿ ಎನ್ನಲು ಬಾಯಿ ತೆರೆದ. ಆಗ ಅವನ ಕಣ್ಣಿಗೆ ಆ ಹನ್ನೊಂದು ಮುಖಗಳು ಬಿದ್ದವು. ಮೂಗು ಕೆಂಪಗೆ, ಬೆರಳ ತುದಿಗೆ ಒಣಗಿದ ಅಂಟು. ಮೊಮ್ಮಗುವಿನ ಮೊದಲ ಹೆಜ್ಜೆ ನೋಡಿದವರ ಹಾಗೆ ಅವನನ್ನೇ ನೋಡುತ್ತಿದ್ದರು. ಆರಿನ್ ಕಣ್ಣೊರೆಸಿಕೊಳ್ಳುತ್ತಿದ್ದ.

"ಥ್ಯಾಂಕ್ಸ್," ಎಂದ ಡೆಲ್ಮರ್. ಸಹಿ ಮಾಡಿದ.

ಬ್ರೋಡಿ ಚಿನ್ನದ ಅಂಚಿನ ಪ್ರಮಾಣಪತ್ರವೊಂದನ್ನು ಬರೆದುಕೊಟ್ಟ. ಆರಿನ್ ಅಲ್ಲೇ ಅದನ್ನು ಗೋಡೆಗೊತ್ತಿ ಮೊಳೆ ಹೊಡೆದ.

"ನಂದೂ ನಿಮ್ಮ ಕಾರ್ಖಾನೆ ಮನೇನೇ ಕಣಪ್ಪ," ಎಂದಳು ವರ್ನಾ, ಬೆನ್ನು ನೀವಿಕೊಳ್ಳುತ್ತ. "ಅದೇ ವಾರ ಬಂದಿದ್ದು. ಹೇಗೂ ಬಂದಿದ್ದೀಯ, ಅದನ್ನೂ ಒಂದ್ಸಲ ನೋಡ್ಬಿಡು."

ಬ್ರೋಡಿ ಫ್ಯಾನನ್ನು ಪಕ್ಕದ ಮನೆಗೆ ಒಯ್ದ. ಅಲ್ಲಿದ್ದ ಅಂಟುಪಟ್ಟಿಯೆಲ್ಲ ಡೆಲ್ಮರನ ಗೋಡೆಯಲ್ಲಿತ್ತಲ್ಲ. ಫ್ಯಾನು ಹಾಕಿದೊಡನೆ ವರ್ನಾಳ ಮನೆ ಮೌತ್ ಆರ್ಗನ್ನಿನ ಹಾಗೆ ನಾಲ್ಕು ದನಿಯಲ್ಲಿ ಊದತೊಡಗಿತು. ಮೀಟರು ಹದಿನಾಲ್ಕು ದಾಟಿತು. ಬ್ರೋಡಿ ಗೇಟಿನತ್ತ ಕೈಬೀಸಿದ. ಲಾರಿ ಬಂತು, ಆರು ಜನ ಇಳಿದರು. ಸಂಜೆ ಐದರೊಳಗೆ ನಡು ಸಂದಿಗೆ ರಬ್ಬರು, ಬಿಸಿಗಾಳಿಯ ಕೊಳವೆಗಳಿಗೆ ಹೊಸ ಬಿಗಿಪಟ್ಟಿ, ಕ್ಷಮೆ ಕೇಳುವ ಗುರುತಿಗೆ ಇನ್ನೂ ದೊಡ್ಡ ಹೀಟ್ ಪಂಪು, ಎಲ್ಲ ಮುಗಿಸಿ ಹೊರಟರು.

ಇತ್ತ ಡೆಲ್ಮರನ ಮನೆಯಲ್ಲಿ, ರಾತ್ರಿ ಚಳಿ ಜೋರೆಂದು ರಜಾಯಿಯವರು ರಜಾಯಿ ಒಯ್ದರು. ಊಟಕ್ಕೆ ಕೂರಬೇಕೆಂದು ಕುರ್ಚಿಯವರು ಕುರ್ಚಿ ಒಯ್ದರು. ಅಂಟುಪಟ್ಟಿಯನ್ನು ವರ್ನಾ ಉದಾರವಾಗಿ ಅವನಿಗೇ ಬಿಟ್ಟಳು. ಆದರೆ ಒಮ್ಮೆ ಕಿತ್ತ ಪಟ್ಟಿ ಎಷ್ಟು ಹೊತ್ತು ಹಿಡಿದೀತು? ಒಂದೊಂದಾಗಿ ಉದುರಿ, ಹಜಾರದ ತುಂಬ ಹಾವಿನ ಪೊರೆಗಳ ಹಾಗೆ ಬಿದ್ದುಕೊಂಡವು. ಡೆಲ್ಮರ್ ಮತ್ತೆ ಟೋಪಿ ಹಾಕಿದ.

ಆರು ಗಂಟೆಗೆ ಅರ್ಲಿಸ್ ಸೂಟ್‌ಕೇಸಿನೊಂದಿಗೆ ಬಂದಳು. ಮನೆ ಜಿಲ್ಲೆಗೇ ಮೊದಲು ಬಂದಿದೆಯೆಂದು ಆರಿನ್ ಅವಳಿಗೆ ಫೋನು ಮಾಡಿದ್ದನಂತೆ. ಒಳಗೆ ಕಾಲಿಟ್ಟವಳು ಕೋಟು ಬಿಚ್ಚಲು ಹೋಗಿ, ತಡೆದು, ಬಿಚ್ಚಿದ್ದ ಒಂದು ಗುಂಡಿಯನ್ನೂ ಹಾಕಿಕೊಂಡಳು. ಡೆಲ್ಮರ್ ನಡೆದದ್ದನ್ನೆಲ್ಲ ಹೇಳಿದ.

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ರೀ ಆ ಕಾರ್ಖಾನೆಯೋನಿಗೆ."

"ಆ ಮುಖಗಳನ್ನ ನೀನು ನೋಡ್ಬೇಕಿತ್ತು."

ಅರ್ಲಿಸ್ ಅವನ ಟೋಪಿಯನ್ನು ಕಿವಿ ಮುಚ್ಚುವಂತೆ ಕೆಳಗೆಳೆದಳು. "ನಾನಾಗಿದ್ರೂ ಹೇಳ್ತಿರಲಿಲ್ಲ ಬಿಡಿ. ಅರಿಜೋನಾಗೆ ಹೋಗಲ್ಲ."

ಡೆಲ್ಮರನ ಮುಖ ಅರಳಿತು.

"ಈಗ ಬರ್ತಾ ವರ್ನಾ ಸಿಕ್ಕಿ ಕರೆದಿದ್ದಾಳೆ. ಅವಳ ಮನೇಲಿ ಬರೀ ಲಂಗದಲ್ಲಿ ಓಡಾಡ್ಬಹುದಂತೆ, ಅಷ್ಟು ಬೆಚ್ಚಗಿದೆಯಂತೆ. ಏಪ್ರಿಲ್‌ವರೆಗೂ ಇರು ಅಂದ್ಳು."

"ಮತ್ತೆ ನಾನು?"

"ಹಾಸಿಗೆ ಒಂದೇ ಇರೋದು ಕಣ್ರೀ. ಊಟಕ್ಕೆ ಬನ್ನಿ, ಬೇಡ ಅನ್ನಲ್ಲ."

ಡೆಲ್ಮರ್ ಸೂಟ್‌ಕೇಸು ಹೊತ್ತು ಅಂಗಳ ದಾಟಿ ವರ್ನಾಳ ಮೆಟ್ಟಿಲಿನವರೆಗೆ ಬಿಟ್ಟುಬಂದ. ಬಾಗಿಲು ತೆರೆದಾಗ ಒಳಗಿನ ಬಿಸಿ ಒಂದು ಸಲ ಅವನ ಮುಖ ಸವರಿತು; ಬಾಗಿಲು ಮುಚ್ಚಿಕೊಂಡಿತು. ಹಿಂತಿರುಗಿ ಬಂದು ನೋಡಿದರೆ, ಗೋಡೆಯ ಮೇಲಿನ ಪ್ರಮಾಣಪತ್ರ ನಡು ಸಂದಿಯ ಗಾಳಿಗೆ ಹಾರಿಬಿದ್ದು ಹಜಾರದ ಆ ತುದಿಯಲ್ಲಿತ್ತು. ಅವನು ಅದನ್ನೆತ್ತಿ, ಧೂಳು ಊದಿ, ಎರಡಾಗಿ ಮಡಿಚಿ, ಎಲ್ಲಕ್ಕಿಂತ ಜೋರಾಗಿ ಶಿಳ್ಳೆ ಹಾಕುತ್ತಿದ್ದ ಬಿರುಕಿಗೆ ತುರುಕಿದ.