ಬೀದಿಯ ಎರಡೂ ಬದಿಗೆ ಒಂದೇ ಕರೆಂಟು

ಎಲ್ಪಿದಿಯಾ ದಿನಾ ಬೆಳಗ್ಗೆ ತಪ್ಪದೆ ಎರಡು ಕೆಲಸ ಮಾಡುತ್ತಿದ್ದಳು. ಒಂದು, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಗೋಡೆಯ ಮೇಲಿನ ಆಲ್ತಗ್ರಾಸಿಯಾ ಮಾತೆಯ ಪಟ ನೋಡಿ ಶಿಲುಬೆಯ ಗುರುತು ಹಾಕಿಕೊಳ್ಳುವುದು. ಇನ್ನೊಂದು, ಕಾಫಿ ಸೋಸುವ ಬಟ್ಟೆಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು, ಎದುರುಮನೆಯ ಜಗಲಿಯ ಬಲ್ಬು ಉರಿಯುತ್ತಿದೆಯೇ ಎಂದು ನೋಡುವುದು. ಜ್ವರ ಬಂದಾಗಲೂ ಇದನ್ನು ಬಿಟ್ಟವಳಲ್ಲ, ಚಂಡಮಾರುತ ಬಡಿದ ವಾರವೂ ಬಿಟ್ಟವಳಲ್ಲ. ಬಲ್ಬು ಉರಿಯುತ್ತಲೇ ಇರುತ್ತಿತ್ತು. ಹಾಡುಹಗಲಲ್ಲಿ, ಸೂರ್ಯನ ಕಣ್ಣೆದುರಿಗೇ, ಯಾರಿಗೂ ಬೇಡದೆ ಉರಿಯುತ್ತಿತ್ತು. ಅದನ್ನು ನೋಡಿದ ಕ್ಷಣದಿಂದ ಎಲ್ಪಿದಿಯಾಳ ಹೊಟ್ಟೆಯಲ್ಲಿ ಏಳುತ್ತಿದ್ದ ಉರಿಗೆ ಕಾಫಿಪಾತ್ರೆ ಇಟ್ಟಿದ್ದರೂ ಕುದಿಯುತ್ತಿತ್ತು, ಒಲೆ ಹಚ್ಚುವುದೇ ದಂಡ ಎಂದು ಅವಳ ಗಂಡ ನಿಕಾನೋರ್ ಅಂದುಕೊಳ್ಳುತ್ತಿದ್ದ. ಬಾಯಿಬಿಟ್ಟು ಅನ್ನುತ್ತಿರಲಿಲ್ಲ.

ಸ್ಯಾನ್ ಪೆದ್ರೊದಲ್ಲಿ ಸಕ್ಕರೆ ಕಾರ್ಖಾನೆಯ ಹಿಂದಿರುವ ಆ ಬೀದಿಯನ್ನು ವಿದ್ಯುತ್ ಕಂಪನಿ ಉದ್ದಕ್ಕೆ ಸೀಳಿಬಿಟ್ಟಿತ್ತು. ಪೂರ್ವದ ಸಾಲಿನ ಮನೆಗಳು ಮೂಲೆಯ ಹೆರಿಗೆ ಆಸ್ಪತ್ರೆಯ ತಂತಿಗೆ ಸೇರಿದ್ದವು. ಅವರಿಗೆ ಇಪ್ಪತ್ನಾಲ್ಕು ಗಂಟೆಯೂ ಕರೆಂಟು. ಪಶ್ಚಿಮದ ಸಾಲಿಗೆ ಕರೆಂಟು ಬರುವುದು ಅದಕ್ಕೆ ಮನಸ್ಸು ಬಂದಾಗ. ಎಲ್ಪಿದಿಯಾಳದು ಪಶ್ಚಿಮದ ಸಾಲು. ಎದುರುಮನೆಯ ಒನೋರಿನಾಳದು ಪೂರ್ವದ್ದು. ಒನೋರಿನಾ ವಿಧವೆ, ಬಟ್ಟೆ ಹೊಲಿದು ಬದುಕುವವಳು. ಅವಳು ಈ ಬೀದಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷದಲ್ಲಿ ಎಲ್ಪಿದಿಯಾ ಅವಳೊಂದಿಗೆ ಆಡಿದ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು.

ಬರೀ ಬಲ್ಬಿನ ಮಾತಾಗಿದ್ದರೆ ಎಲ್ಪಿದಿಯಾ ಕ್ಷಮಿಸಿಬಿಡುತ್ತಿದ್ದಳೇನೋ. ಆದರೆ ಇದು ಬೇಸ್‌ಬಾಲಿನ ಮಾತು. ಊರಿನ ಹಸಿರು ತಂಡ ಕೊನೆಯ ಸಲ ಕಪ್ ಗೆದ್ದದ್ದು ಅವಳ ಮದುವೆಯ ಹಿಂದಿನ ತಿಂಗಳು. ಆಮೇಲೆ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಗೆದ್ದಿಲ್ಲ. ಈ ಎರಡು ಸಂಗತಿಗಳಿಗೂ ಸಂಬಂಧವಿದೆ ಎಂದು ಎಲ್ಪಿದಿಯಾ ಯಾವತ್ತೂ ಹೇಳಿರಲಿಲ್ಲ, ಆದರೆ ತಂಡ ಸೋತ ದಿನ ನಿಕಾನೋರನಿಗೆ ಊಟ ಬಡಿಸುವಾಗ ತಟ್ಟೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು.

ವಿದ್ಯುತ್ ಕಂಪನಿಯವರಿಗೆ ಬೇಸ್‌ಬಾಲ್ ಬಹಳ ಚೆನ್ನಾಗಿ ಗೊತ್ತು ಎಂಬುದು ಅವಳ ದೃಢವಾದ ನಂಬಿಕೆ. ಗೊತ್ತಿಲ್ಲದಿದ್ದರೆ, ಎಂಟನೇ ಇನ್ನಿಂಗ್ಸಿನಲ್ಲಿ, ಮೂರು ಬೇಸ್‌ಗಳಲ್ಲೂ ನಮ್ಮವರೇ ನಿಂತಿರುವಾಗ, ಹೊಡೆಯುವವನು ಬ್ಯಾಟು ಎತ್ತಿದ ಕ್ಷಣಕ್ಕೇ ಕರೆಂಟು ತೆಗೆಯಲು ಹೇಗೆ ಸಾಧ್ಯ? ಬ್ಯಾಟು ಎತ್ತಿದವನು ಟಿವಿಯ ಗಾಜಿನ ಮೇಲೆ ಒಂದು ಬಿಳಿ ಚುಕ್ಕಿಯಾಗಿ ಕುಗ್ಗಿ ಮಾಯವಾಗುತ್ತಿದ್ದ. ಮರುಕ್ಷಣ ಎದುರುಮನೆಯಿಂದ ಕ್ರೀಡಾಂಗಣದ ಭೋರ್ಗರೆತ ತೇಲಿ ಬರುತ್ತಿತ್ತು. ರೇಡಿಯೊ ಹಾಕಿಕೊಳ್ಳಬಹುದಿತ್ತು. ಆದರೆ ಅವಳು ರೇಡಿಯೊದಲ್ಲಿ ಕೇಳಿದ ಒಂದು ಆಟವನ್ನೂ ಹಸಿರು ತಂಡ ಗೆದ್ದಿರಲಿಲ್ಲ. ಆದ್ದರಿಂದ ಊರಿನ ಹಿತಕ್ಕಾಗಿ ಅದನ್ನು ಕಪಾಟಿನ ಮೇಲೆ ಮುಖ ಗೋಡೆಗೆ ಮಾಡಿ ಇಟ್ಟಿದ್ದಳು.

ಕರೆಂಟು ಹೋದಾಗಲೆಲ್ಲ ನಿಕಾನೋರ್ ಅವಳ ತೂಗುಕುರ್ಚಿಯನ್ನು ಎತ್ತಿ ತಂದು ಜಗಲಿಯಲ್ಲಿಡುತ್ತಿದ್ದ. ಒಳಗೆ ಸೆಕೆ, ಹೊರಗೆ ಗಾಳಿಗೆ ಕೂತುಕೋ ಎನ್ನುತ್ತಿದ್ದ. ಎದುರಿಗೆ ಒನೋರಿನಾಳ ಟಿವಿ. ಆ ಹೆಂಗಸು ಅದನ್ನು ಬೀದಿಗೆ ಮುಖಮಾಡಿ ಕಿಟಕಿಯಲ್ಲೇ ಇಟ್ಟು, ಸದ್ದು ಏರಿಸಿ, ತಾನು ಪಕ್ಕದಲ್ಲಿ ಹೊಲಿಗೆ ಹಿಡಿದು ಕೂತಿರುತ್ತಿದ್ದಳು. ಮಧ್ಯೆ ಮಧ್ಯೆ ಚಪ್ಪಾಳೆ ಬೇರೆ. ಅವಳ ಮನೆಗೆ ಬಳಿದದ್ದು ನೀಲಿ ಬಣ್ಣ, ರಾಜಧಾನಿಯ ನೀಲಿ ತಂಡದ್ದೇ ನೀಲಿ. ನಮ್ಮನ್ನು ಉರಿಸಲೆಂದೇ ಇದೆಲ್ಲ ಎಂದು ಎಲ್ಪಿದಿಯಾಗೆ ಹೇಳಿಕೊಡಲು ಯಾರೂ ಬೇಕಾಗಿರಲಿಲ್ಲ. ಅವಳು ಆ ಟಿವಿಯನ್ನು ನೋಡುತ್ತಿರಲಿಲ್ಲ. ಕಣ್ಣು ಆ ಕಡೆ ಇರುತ್ತಿತ್ತು, ಅಷ್ಟೇ. ಒಂಬತ್ತನೇ ಇನ್ನಿಂಗ್ಸು ಮುಗಿಯುವವರೆಗೂ ಇರುತ್ತಿತ್ತು.

ಆ ವರ್ಷ ಜನವರಿಯಲ್ಲಿ ಹಸಿರು ತಂಡ ಫೈನಲ್ ತಲುಪಿತು, ಅದೂ ನೀಲಿ ತಂಡದ ಎದುರು. ಎಲ್ಪಿದಿಯಾ ಮಾತೆಯ ಪಟದ ಮುಂದೆ ನಿಂತು ಘೋಷಿಸಿದಳು: ಈ ಸಲ ಕಪ್ ಎತ್ತುವುದನ್ನು ತಾನು ನೋಡುವುದೇ ಸೈ, ಅದೂ ಸ್ವಂತ ಮನೆಯಲ್ಲಿ, ಸ್ವಂತ ಟಿವಿಯಲ್ಲಿ, ಸ್ವಂತ ಕರೆಂಟಿನಲ್ಲಿ. ಹನ್ನೊಂದು ವರ್ಷದ ಅನ್ಯಾಯಕ್ಕೆ ಹನ್ನೊಂದು ದಿನದಲ್ಲಿ ಮಂಗಳ ಹಾಡುತ್ತೇನೆ ಎಂದಳು. ಅಡುಗೆಮನೆಯಲ್ಲಿ ಬಾಳೆಕಾಯಿ ಸುಲಿಯುತ್ತಿದ್ದ ನಿಕಾನೋರನಿಗೆ ಚಾಕು ಜಾರಿತು.

ಬಾದಾಮಿ ಮರದ ಕೆಳಗೆ ಬಡಾವಣೆಯ ನಿವಾಸಿಗಳ ಸಂಘದ ಸಭೆ ಸೇರಿತು. ಎಲ್ಲರೂ ಗೌರವದಿಂದ ದೋನ್ ಎಂದು ಕರೆಯುತ್ತಿದ್ದ ಸಂಘದ ಅಧ್ಯಕ್ಷ ಲಿಬೋರಿಯೊ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಅರ್ಜಿ ಬರೆಯುವುದರಲ್ಲಿ ಪಳಗಿದ ಕೈ. ಪಶ್ಚಿಮದ ಸಾಲಿಗೂ ಇಪ್ಪತ್ನಾಲ್ಕು ಗಂಟೆ ಕರೆಂಟು ಕೊಡಬೇಕೆಂದು ವಿನಂತಿ, ಎಂದು ಅವನು ಶುರುಮಾಡಿದ. ಎಲ್ಪಿದಿಯಾ ಕಾಗದದ ಮೇಲೆ ಅಂಗೈ ಇಟ್ಟಳು.

"ನಮಗೂ ಕೊಡಿ ಅಂತ ಬೇಡೋದೇನಿದೆ ದೋನ್ ಲಿಬೋರಿಯೊ? ನಾವು ಕೇಳ್ತಿರೋದು ಭಿಕ್ಷೆ ಅಲ್ಲ, ನ್ಯಾಯ. ಬೀದಿಯ ಎರಡೂ ಬದಿಗೆ ಒಂದೇ ಥರ ಕರೆಂಟು ಇರ್ಬೇಕು ಅಂತ ಬರೀರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಇಪ್ಪತ್ನಾಲ್ಕು ಗಂಟೆ ಎಂಬ ಮಾತು ಇದ್ದರೆ ಒಳ್ಳೆಯದಲ್ಲವೇ ಎಂದ. ನಿಕಾನೋರನೂ ಕೆಮ್ಮಿ ಅದನ್ನೇ ಹೇಳಿದ. ಎಲ್ಪಿದಿಯಾ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೆ ತನ್ನ ಮನೆಯ ಕರೆಂಟು ಎಷ್ಟು ಬೇಕಿತ್ತೋ, ಒನೋರಿನಾಳ ಬಲ್ಬು ಒಂದೇ ಒಂದು ಸಲ ಆರುವುದೂ ಅಷ್ಟೇ ಬೇಕಿತ್ತು. ಇದನ್ನು ಅವಳು ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ಹೇಳಿರಲಿಲ್ಲ.

ನಲವತ್ತೊಂದು ಸಹಿಗಳಾದವು. ನಲವತ್ತೊಂದನೆಯದು ಒನೋರಿನಾಳದು. ತಾನಾಗಿಯೇ ರಸ್ತೆ ದಾಟಿ ಬಂದು, ಎಲ್ಲರಿಗೂ ಕರೆಂಟು ಸಿಕ್ಕರೆ ಒಳ್ಳೆಯದೇ ಅಲ್ಲವೇ ಎಂದು ಸಹಿ ಹಾಕಿ ಹೋದಳು. ಬೇಹುಗಾರಿಕೆಗೆ ಬಂದಿದ್ದಾಳೆ ಎಂದುಕೊಂಡಳು ಎಲ್ಪಿದಿಯಾ.

ದೇವರು ನಮ್ಮ ಪ್ರಾರ್ಥನೆಯಲ್ಲಿ ಒಳ್ಳೆಯದನ್ನು ಮಾತ್ರ ಆರಿಸಿ ಕೇಳಿಸಿಕೊಳ್ಳುತ್ತಾನೆ ಎನ್ನುತ್ತಾರೆ. ವಿದ್ಯುತ್ ಕಂಪನಿಗೆ ಅಂಥ ಕರುಣೆಯಿಲ್ಲ. ಅದು ಬರೆದದ್ದನ್ನು ಬರೆದಂತೆಯೇ ಓದಿತು.

ಏಳು ಆಟಗಳ ಫೈನಲಿನಲ್ಲಿ ಎರಡೂ ತಂಡಗಳು ಮೂರು ಮೂರು ಆಟ ಗೆದ್ದು ಸಮವಾಗಿದ್ದವು. ಕೊನೆಯ ಆಟ ಭಾನುವಾರ ಸಂಜೆ ಐದಕ್ಕೆ. ಗುರುವಾರ ಬೆಳಗ್ಗೆ ಕಂಪನಿಯ ವ್ಯಾನು ಬಂತು, ಎರಡು ಏಣಿ ಇಳಿದವು. ಎಲ್ಪಿದಿಯಾ ಹಸಿರು ಸ್ಕಾರ್ಫು ಕಟ್ಟಿಕೊಂಡು, ಮದುವೆಮನೆಯ ಯಜಮಾನಿಯಂತೆ ಬಾಗಿಲಲ್ಲಿ ನಿಂತಳು. ಕಂಪನಿಯ ಅಧಿಕಾರಿ ಬೀದಿಯವರನ್ನೆಲ್ಲ ಸೇರಿಸಿ ವಿಷಯ ತಿಳಿಸಿದ. ಆಸ್ಪತ್ರೆಯವರು ಎರಡು ವರ್ಷದ ಹಿಂದೆಯೇ ಸ್ವಂತ ಜನರೇಟರ್ ಹಾಕಿಸಿದ್ದಾರೆ. ಆದ್ದರಿಂದ ಪೂರ್ವದ ಸಾಲಿಗೆ ಇಡೀ ದಿನ ಕರೆಂಟು ಕೊಡುವ ಕಾರಣವೇ ಉಳಿದಿಲ್ಲ. ಇದು ಕಂಪನಿಯ ಗಮನಕ್ಕೇ ಬಂದಿರಲಿಲ್ಲ. ಗಮನಕ್ಕೆ ತಂದ ದೋನ್ಯಾ ಎಲ್ಪಿದಿಯಾ ಅವರಿಗೆ ಕೃತಜ್ಞತೆಗಳು. ಇನ್ನುಮುಂದೆ ಎರಡೂ ಬದಿಗೆ ಒಂದೇ ಥರ.

ಕಂಬದ ಮೇಲೆ ಕಟಕ್ ಎಂದು ಒಂದು ಸದ್ದಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒನೋರಿನಾಳ ಬಲ್ಬು ಆರಿತು. ಎಲ್ಪಿದಿಯಾ ಅದನ್ನು ನೋಡಿದಳು. ಇಷ್ಟು ವರ್ಷ ಕಾದ ಸಂತೋಷ ಬಂತು, ಕಾಫಿ ಗುಟುಕರಿಸುವಷ್ಟು ಹೊತ್ತು ನಿಂತಿತು, ಹೊರಟುಹೋಯಿತು. ಏಕೆಂದರೆ ಅಷ್ಟರಲ್ಲಿ ನಲವತ್ತು ಜನ ತಿರುಗಿ ಅವಳನ್ನೇ ನೋಡುತ್ತಿದ್ದರು.

ಆಮೇಲೆ ಒಂದೊಂದೇ ಹೊರಬಿತ್ತು. ಪಶ್ಚಿಮದ ಸಾಲಿನ ಅರ್ಧ ಮನೆಗಳ ಮೀನು, ಮಾಂಸ, ಹಾಲು, ಮಕ್ಕಳ ಔಷಧಿ ಎಲ್ಲವೂ ಪೂರ್ವದ ಸಾಲಿನ ಫ್ರಿಜ್ಜುಗಳಲ್ಲಿ ಇದ್ದವು. ತಮ್ಮ ಸಾಲಿನವರು ರಸ್ತೆ ದಾಟಿ ಹೋಗಿಬರುತ್ತಿದ್ದದ್ದು ಹರಟೆಗೆ ಎಂದುಕೊಂಡಿದ್ದವಳು ಎಲ್ಪಿದಿಯಾ ಒಬ್ಬಳೇ. ಈಗ ಅವರೆಲ್ಲ ಪಾತ್ರೆ ಹಿಡಿದು ತಮ್ಮ ತಮ್ಮ ಮೀನು ಹೊತ್ತುಕೊಂಡು, ಅವಳ ಜಗಲಿಯ ಮುಂದೆ ಬರುವಾಗ ಮಾತ್ರ ಮೆರವಣಿಗೆಯಂತೆ ನಿಧಾನವಾಗಿ ನಡೆದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ಬೆಳಗ್ಗೆ ಒನೋರಿನಾಳೇ ಒಂದು ದೊಡ್ಡ ಬೋಗುಣಿ ಹೊತ್ತು ಬಾಗಿಲಿಗೆ ಬಂದಳು. ಒಳಗೆ ಆಡಿನ ಮಾಂಸ, ಅಂಚಿನಲ್ಲಿ ನೀರು ಬಿಟ್ಟುಕೊಂಡಿತ್ತು.

"ಕರಗ್ತಾ ಇದೆ ಕಣೆ. ಭಾನುವಾರದ ತನಕ ಇರಲ್ಲ, ಇವತ್ತೇ ಬೇಯಿಸಿಬಿಡು."

"ಇದು ಯಾರ ಮಾಂಸ, ದೋನ್ಯಾ ಒನೋರಿನಾ?" ಎಲ್ಪಿದಿಯಾಳ ದನಿ ಗಂಜಿ ಹಾಕಿ ಇಸ್ತ್ರಿ ಮಾಡಿದಂತಿತ್ತು.

"ನಿಂದೇ. ಗೆದ್ದ ದಿನ ಬೀದಿಗೆಲ್ಲ ಊಟ ಹಾಕ್ಬೇಕು ಅಂತ ತರಿಸಿದ್ದಿಯಂತಲ್ಲ."

ಮಾಂಸವನ್ನು ಚರ್ಚಿನ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ ಎಂದು ನಿಕಾನೋರ್ ಹೇಳಿದ್ದ. ಈಗ ಅವನು ಹಿತ್ತಲಲ್ಲಿ ಏನೋ ತುರ್ತು ಕೆಲಸ ನೆನಪಾದವನಂತೆ ಎದ್ದ. ಎಲ್ಪಿದಿಯಾ ಹಿಂದಕ್ಕೆ ತಿರುಗದೆಯೇ, ಕೂತುಕೋ ಎಂದಳು. ಕೂತ.

ಒನೋರಿನಾ ಬೋಗುಣಿ ಕೆಳಗಿಟ್ಟು ತನ್ನ ಅಂಗಿಯ ತುದಿಯಲ್ಲಿ ಕೈ ಒರೆಸಿಕೊಂಡಳು. ಅವಳಿಗೆ ಬೇಸರವಿದ್ದದ್ದು ಮಾಂಸದ ಬಗ್ಗೆ ಅಲ್ಲ.

"ಟಿವೀದೇ ಯೋಚನೆ ನಂಗೆ. ಇಷ್ಟು ವರ್ಷ ಕಿಟಕೀಲಿ ಇಟ್ಟೆ, ಕೊನೇ ಆಟಕ್ಕೇ ಹೀಗಾಯ್ತು ನೋಡು."

"ಯಾಕೆ ಇಡ್ತಿದ್ರಿ ಕಿಟಕೀಲಿ?"

"ಅಯ್ಯೋ, ನಿಂಗೋಸ್ಕರ ಅಲ್ವೇನೆ? ನಾನು ಬಂದ ವರ್ಷಾನೇ ನಿಕಾನೋರ್ ಬಂದು ಕೇಳಿಕೊಂಡ. ನಿಮ್ಮ ಕಡೆ ಕರೆಂಟು ಹೋದಾಗ ಸ್ವಲ್ಪ ಬೀದಿಗೆ ತಿರುಗಿಸಿಡಿ, ಅವಳಿಗೆ ಮಾತ್ರ ಹೇಳ್ಬೇಡಿ, ಗೊತ್ತಾದ್ರೆ ನೋಡಲ್ಲ ಅಂದ."

ಎಲ್ಪಿದಿಯಾ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವನು ಅವಳಿಂದ ಮುಚ್ಚಿಟ್ಟ ಗುಟ್ಟುಗಳು ಈ ಎರಡೇ ಇರಬೇಕು. ತೂಗುಕುರ್ಚಿಯನ್ನು ಅಷ್ಟು ಸರಿಯಾಗಿ ಒಂದೇ ಜಾಗಕ್ಕೆ, ಕಿಟಕಿಗೆ ನೇರವಾಗಿ ತಂದಿಡುತ್ತಿದ್ದ ಗಾಳಿಯ ಪರಿಣತ.

"ಮತ್ತೆ ಚಪ್ಪಾಳೆ? ನೀವು ನೀಲಿ ತಂಡದವರಲ್ವಾ?" ಎಂದಳು. ಅದೊಂದನ್ನಾದರೂ ಉಳಿಸಿಕೊಳ್ಳುವ ಆಸೆ ಅವಳಿಗೆ.

ಒನೋರಿನಾ ಆ ಪ್ರಶ್ನೆಯನ್ನು ಒಂದು ಕ್ಷಣ ಅತ್ತಿತ್ತ ತಿರುಗಿಸಿ ನೋಡಿದಳು. ಬೇಸ್‌ಬಾಲ್ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಚೆಂಡು ಎಲ್ಲಿಗೆ ಹೋಯಿತೆಂದು ಹುಡುಕುವುದರೊಳಗೆ ಇನ್ನೊಂದು ಚೆಂಡು ಎಸೆಯುತ್ತಿದ್ದರು. ಮನೆಯ ಬಣ್ಣ ಹಿಂದಿನ ಮಾಲೀಕನದು. ಇನ್ನು ಚಪ್ಪಾಳೆ: ಟಿವಿಯಲ್ಲಿ ಜನ ತಟ್ಟಿದಾಗ ಅವಳೂ ತಟ್ಟುತ್ತಿದ್ದಳು, ಎದುರಿಗೆ ಎಲ್ಪಿದಿಯಾ ಒಬ್ಬಳೇ ಕೂತು ಆಟ ನೋಡುತ್ತಾಳಲ್ಲ, ಜೊತೆಗೊಬ್ಬರು ಇರಲಿ ಎಂದು.

ಎಲ್ಪಿದಿಯಾ ಆ ದಿನ ಆಡಿನ ಮಾಂಸವನ್ನೆಲ್ಲ ಬೇಯಿಸಿ, ಎರಡೂ ಸಾಲಿನ ಮನೆಮನೆಗೂ ತಾನೇ ಹೊತ್ತು ಕೊಟ್ಟುಬಂದಳು. ಗೆಲ್ಲುವ ಮೊದಲೇ ಗೆಲುವಿನ ಊಟ ಹಾಕಿದರೆ ಅಪಶಕುನ ಎಂದು ಯಾರೋ ಗೊಣಗಿದರು. ಅವಳು ತಲೆ ಎತ್ತಲಿಲ್ಲ. ಹೊಟ್ಟೆಯ ಉರಿ ಮಾತ್ರ ಆರಿರಲಿಲ್ಲ, ಜಾಗ ಬದಲಾಯಿಸಿತ್ತು. ಇಷ್ಟು ದಿನ ಆ ಹೆಂಗಸಿಗೆ ಕರೆಂಟು ಇದೆ ಎಂದು ಉರಿಯುತ್ತಿದ್ದಳು. ಈಗ ಅವಳಿಗೆ ಒಳ್ಳೆಯತನವೂ ಇದೆ ಎಂದು ಉರಿದಳು. ಇದು ಹೆಚ್ಚು ಕಷ್ಟದ್ದು, ಇದಕ್ಕೆ ಕಂಪನಿಗೆ ಅರ್ಜಿ ಬರೆಯುವಂತಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಎರಡೂ ಸಾಲಿನವರು ಜಗಲಿಗಳಲ್ಲಿ ಕೂತಿದ್ದರು. ಕರೆಂಟಿಲ್ಲ, ಬರುವ ಸೂಚನೆಯೂ ಇಲ್ಲ. ರೇಡಿಯೊಗಳು ಹೊರಬಂದವು. ಎಲ್ಪಿದಿಯಾ ಕೇಳಿಸಿಕೊಂಡರೆ ತಂಡದ ಗತಿಯೇನೆಂದು ಎಲ್ಲರಿಗೂ ಗೊತ್ತಿದ್ದದ್ದರಿಂದ, ಆಟ ಶುರುವಾದ ಮೇಲೆ ಅವಳು ಚರ್ಚಿಗೆ ಹೋಗಿ ಕೂರುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಕಂಪನಿಯ ವ್ಯಾನು ಬಂತು. ಲೈನ್‌ಮ್ಯಾನ್ ಒಬ್ಬನೇ ಇಳಿದು, ಏಣಿಯನ್ನು ಎಲ್ಪಿದಿಯಾಳ ಮನೆಯೆದುರಿನ ಕಂಬಕ್ಕೆ ಒರಗಿಸಿ, ಸರಸರನೆ ಮೇಲೆ ಹತ್ತಿದ.

"ದೋನ್ಯಾ, ನಮ್ಮ ಸಾಹೇಬ್ರು ಹಸಿರು ತಂಡದ ಅಭಿಮಾನಿ. ನಿಮ್ಮ ವಿಷಯ ಕೇಳಿ ಬಹಳ ನೊಂದ್ಕೊಂಡ್ರು. ನಿಮ್ಮ ಮನೆ ಒಂದನ್ನ ಸಕ್ಕರೆ ಕಾರ್ಖಾನೆ ತಂತಿಗೆ ಸೇರಿಸು ಅಂದಿದಾರೆ. ಐದು ನಿಮಿಷದ ಕೆಲಸ. ಇನ್ನು ಯಾವತ್ತೂ ನಿಮ್ಮ ಕರೆಂಟು ಹೋಗಲ್ಲ."

ತನ್ನ ಮನೆಯಲ್ಲಿ ಬೆಳಕು, ಎದುರುಮನೆಯಲ್ಲಿ ಕತ್ತಲು. ಹನ್ನೊಂದು ವರ್ಷ ಮಾತೆಯ ಪಟದ ಮುಂದೆ ಎಲ್ಪಿದಿಯಾ ಬಾಯಿಬಿಡದೆ ಕೇಳಿದ್ದು ಇದನ್ನೇ, ಇಷ್ಟನ್ನೇ. ಒಳಗೆ ಟಿವಿ ಒರೆಸಿ ಇಟ್ಟಿತ್ತು. ಆಟ ಶುರುವಾಗಲು ಇನ್ನು ಐವತ್ತು ನಿಮಿಷ.

ಒನೋರಿನಾ ತನ್ನ ಜಗಲಿಯಿಂದಲೇ ಕೂಗಿ ಹೇಳಿದಳು, "ಹಾಕಿಸ್ಕೊಳೆ ಎಲ್ಪಿದಿಯಾ, ನಮ್ಮ ಯೋಚನೆ ಬಿಡು. ನೀನು ಆಟ ನೋಡು."

ಅಲ್ಲಿಗೆ ಮುಗಿಯಿತು. ಇದರಲ್ಲೂ ಒನೋರಿನಾಳೇ ಒಂದು ಹೆಜ್ಜೆ ಮುಂದೆ ಹೋದಳು.

ಎಲ್ಪಿದಿಯಾ ಕಂಬದ ಬುಡಕ್ಕೆ ಬಂದು ಮೇಲೆ ನೋಡಿದಳು. "ಎದುರುಮನೆಗೆ ಹಾಕೋಕಾಗುತ್ತಾ ಮಗಾ?"

ಆಗುವುದಿಲ್ಲ ಎಂದ ಅವನು, ಸಾಹೇಬರು ಹೇಳಿದ್ದು ಅವಳ ಹೆಸರನ್ನು ಮಾತ್ರ. ಬೇಗ ಹೇಳಿ, ಆಟ ಶುರುವಾಗುವುದರೊಳಗೆ ನಾನೂ ಮನೆ ಸೇರಬೇಕು ಎಂದ.

"ಹಾಗಾದ್ರೆ ನಂಗೂ ಬೇಡ, ಇಳಿ ಕೆಳಗೆ. ಅವಳು ಹನ್ನೊಂದು ವರ್ಷ ಟಿವಿ ಬೀದಿಗೆ ತಿರುಗಿಸಿಟ್ಟಳು. ನನ್ನ ಕೈಗೆ ಕರೆಂಟು ಕೊಟ್ಟರೆ ಏನಾಗುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು ಮಗಾ. ಮೊದಲನೇ ಇನ್ನಿಂಗ್ಸಿಗೇ ಎದ್ದು ಕಿಟಕಿ ಮುಚ್ಚಿಬಿಡ್ತೀನಿ."